ಮೂರು ಬೆರಳಿನ ಉಪ್ಪು

ಬಿಲ್ಲೆ ಕಲ್ಲುಚಪ್ಪಡಿಯ ಮೇಲೆ ಬಿದ್ದ ಸದ್ದು, ಆಮೇಲೆ ಒಂಟಿಕಾಲಿನ ಸದ್ದು, ಟಪ್, ಟಪ್, ಟಪ್, ನಾಲ್ಕನೆಯದು ಬರಲಿಲ್ಲ — ಜಗಲಿಯ ಮೇಲೆ ಕೂತಿದ್ದ ಬೆಟ್ಟಮ್ಮ ತಲೆ ಎತ್ತಿದಳು, ಅಗ್ರಹಾರದ ಈ ಬೀದಿಗೆ ಬಿಸಿಲು ಅರ್ಧವೇ ಇಳಿಯುತ್ತದೆ, ಆ ಅರ್ಧದಲ್ಲಿ ಮೊಮ್ಮಗಳು ಕಮಲ ಎರಡೂ ಕಾಲೂರಿ ನಿಂತಿದ್ದಾಳೆ, ಕೈ ಮಂಡಿಯ ಮೇಲೆ, ಬಾಯಿ ತೆರೆದಿದೆ, ಸೋತ್ಲು ಸೋತ್ಲು ಬೋಗಾದಿ ಗುಗ್ಗು ಸೋತ್ಲು ಎಂದು ಬೀದಿಯ ಹುಡುಗಿಯರು ಕುಣಿಯುತ್ತಿದ್ದಾರೆ, ನಾನೇನ್ ಸೋತಿಲ್ಲ, ಸುಮ್ಕೆ ನಿಂತಿವ್ನಿ. ಹತ್ತು ವರ್ಷದ ಕೂಸಿಗೆ ಈ ಮಾತನ್ನು ಯಾರು ಕಲಿಸಿದರು, ಯಾರೂ ಕಲಿಸಲಿಲ್ಲ, ಅವಳ ಅವ್ವ ಭಾಗ್ಯನೂ ಹೀಗೆಯೇ ಅನ್ನುತ್ತಿದ್ದಳು, ಬಾವಿಯಿಂದ ಬರುವ ದಾರಿಯಲ್ಲಿ ಕೊಡ ಕೆಳಗಿಟ್ಟು ಹುಣಸೆಮರಕ್ಕೆ ಒರಗಿ, ಸುಮ್ಕೆ ನಿಂತಿವ್ನಿ ಅತ್ತೆಮ್ಮ, ನೆರಳು ಚೆಂದಾಗೈತೆ, ಬೆಟ್ಟಮ್ಮ ಆಗ ನಕ್ಕಿದ್ದಳು, ನೆರಳಂತೆ ನೆರಳು, ಮನೇಲಿ ಒಲೆ ಯಾರು ಹಚ್ತಾರೆ ನಿಮ್ಮಪ್ಪನಾ — ಸೊಸೆಯೂ ನಕ್ಕಿದ್ದಳು, ನಗುವುದಕ್ಕೂ ಉಸಿರು ಸಾಲದೆ ನಡುವೆ ನಿಲ್ಲಿಸಿ ಮತ್ತೆ ನಕ್ಕಿದ್ದಳು, ಅದನ್ನು ಆಗ ಯಾರು ಗಮನಿಸಿದರು, ಹೆಂಗಸರಿಗೆ ಏದುಸಿರು ಬರುವುದು ರೋಗವೆಂದು ತಮ್ಮೂರು ಬೋಗಾದಿಯಲ್ಲಿ ಯಾರಿಗೆ ಗೊತ್ತು, ಕೆಲಸ ಮಾಡಿದರೆ ಬರುತ್ತದೆ, ಬಸುರಾದರೆ ಬರುತ್ತದೆ, ಆಮೇಲೆ ಹೋಗುತ್ತದೆ. ಭಾಗ್ಯಳದು ಹೋಗಲಿಲ್ಲ. ಒಂದು ದಿನ ಕಾಲುಂಗುರ ಬಿಗಿಯಿತು, ಬೆಟ್ಟಮ್ಮ ಎಣ್ಣೆ ಹಚ್ಚಿ ತಿರುಗಿಸಿದರೂ ಬರಲಿಲ್ಲ, ಪಾದದ ಮೇಲೆ ಬೆರಳಿಟ್ಟ ಕಡೆ ಗುಳಿ ಬಿದ್ದು ಹಾಗೇ ನಿಂತಿತು, ಹಸಿ ಮಣ್ಣಿನ ಮೇಲೆ ಒತ್ತಿದ ಹಾಗೆ.

ಈ ಜಗಲಿ ನರ್ಸಮ್ಮನದು, ಸುಂದರಮ್ಮ, ತಿಂಗಳಿಗೆರಡು ಸಲ ಬೋಗಾದಿಗೆ ಬಂದು ಬಸುರಿ ಬಾಣಂತಿಯರನ್ನು ನೋಡಿಹೋಗುವಾಕೆ, ಹೋದ ವಾರ ಕಮಲಳ ಎದೆಗೆ ಕಿವಿ ಕೊಟ್ಟು ಬಹಳ ಹೊತ್ತು ಕೇಳಿದ್ದಳು, ಗಂಟಲು ನೋವು ಬಂದಿತ್ತಾ, ಬಂದಿತ್ತು, ಆಮೇಲೆ ಜ್ವರ ಬಂದು ಮಂಡಿ ಊದಿತ್ತಾ, ಊದಿತ್ತು ನರ್ಸಮ್ಮ, ಆಮೇಲೆ ಮೊಣಕೈ, ಬೇವಿನೆಣ್ಣೆ ತಿಕ್ಕಿದ್ವಿ, ಹೊಂಟೋಯ್ತು. ಹೋಗಲ್ಲಾರೀ ಬೆಟ್ಟಮ್ಮ, ಮಂಡಿ ಬಿಟ್ಟು ಎದೆಗೆ ಹೋಗುತ್ತೆ, ಗಂಟಲು ಕೆಟ್ಟಾಗಲೆಲ್ಲ ಆ ಜ್ವರ ಮತ್ತೆ ಬರುತ್ತೆ, ಬಂದಾಗಲೆಲ್ಲ ಎದೆಯನ್ನ ಇನ್ನಷ್ಟು ಕೆಡಿಸುತ್ತೆ, ನಿಮ್ಮ ಸೊಸೆ ಎದೆ ಇವಳ ವಯಸ್ಸಿನಲ್ಲೇ ಕೆಟ್ಟಿತ್ತು, ಆಗ ಯಾರೂ ನೋಡಲಿಲ್ಲ, ಈ ಮಗೂದು ಇನ್ನೂ ಅಷ್ಟು ಕೆಟ್ಟಿಲ್ಲ, ಮುಂದೆ ಕೆಡದ ಹಾಗೆ ನೋಡ್ಕೋಬಹುದು, ತಿಂಗಳಿಗೊಂದು ಸೂಜಿ, ತಪ್ಪಿಸದೆ, ದೊಡ್ಡವಳಾಗೋವರೆಗೂ. ಸೂಜಿ ಅಂದ್ರೆ ನನ್ನ ಮಗನೇ ಓಡ್ತಾನೆ ಕಣ್ರವ್ವ, ಎತ್ತಿಗೆ ಲಾಳ ಹೊಡೆಸೋವಾಗ ಮಾತ್ರ ದೊಡ್ಡ ಗಂಡಸು, ಎಂದು ಬೆಟ್ಟಮ್ಮ ಹೇಳಿದ್ದಕ್ಕೆ ಸುಂದರಮ್ಮನೂ ನಕ್ಕಿದ್ದಳು, ನಕ್ಕು, ಅವನನ್ನೇ ಕರ್ಕೊಂಡು ಬನ್ನಿ, ಅವನು ಒಪ್ಪಬೇಕು. ಅವನು ಒಪ್ಪುವುದಿಲ್ಲ. ಚೆಲುವರಾಜು ಸೊಪ್ಪಿನ ಗಾಡಿಯೊಡನೆ ಮಾರುಕಟ್ಟೆಗೆ ಹೋಗಿದ್ದಾನೆ, ಮಧ್ಯಾಹ್ನಕ್ಕೆ ಬರುತ್ತಾನೆ, ಬಂದು ಅದೇ ಮಾತು ಹೇಳುತ್ತಾನೆ, ಹೆಂಡತಿ ಸತ್ತ ದಿನದಿಂದ ಅವನಲ್ಲಿರುವುದು ಆ ಒಂದೇ ಮಾತು — ಡಾಕ್ಟರು ಹೇಳ್ದಂಗೇ ಮಾಡ್ದೋ, ಮಾತ್ರೆ ನುಂಗುಸ್ದೋ, ಉಪ್ಪು ಬುಡುಸ್ದೋ, ಏನಾಯ್ತು?

ಉಪ್ಪು ಬಿಡಿಸಿದೆವು. ಭಾಗ್ಯ ಆಸ್ಪತ್ರೆಯಿಂದ ಬಂದ ದಿನ ಚೆಲುವನೇ ಸಂತೆಯಿಂದ ಸಣ್ಣದೊಂದು ಮಡಕೆ ತಂದ, ಅವ್ವ, ಅವಳ್ದು ಇದರಲ್ಲೇ ಬೇರೆ ಬೇಯಿಸು, ಒಂದು ಹರಳು ಉಪ್ಪು ಬೀಳಬಾರದು, ಬಿದ್ರೆ ಮೈಯಲ್ಲಿ ನೀರು ನಿಲ್ತದೆ ಅಂದವ್ರೆ. ಮೊದಲ ದಿನ ಬೀಳಲಿಲ್ಲ. ಭಾಗ್ಯ ಮುದ್ದೆ ಮುರಿದಳು, ಸಾರಿಗೆ ಅದ್ದಿದಳು, ನುಂಗಲಾರದೆ ಬಾಯಲ್ಲೇ ಇಟ್ಟುಕೊಂಡು ಕೂತಳು, ಹಣೆಯಲ್ಲಿ ಕುಂಕುಮ, ಕೈತುಂಬ ಬಳೆ, ಮುಂದೆ ಉಪ್ಪಿಲ್ಲದ ಊಟ — ತಮ್ಮ ಮನೆಯಲ್ಲಿ ಉಪ್ಪಿಲ್ಲದ ಊಟ ಹೆಣ ಹೋದ ಮೇಲಿನ ಊಟ, ಗಂಡ ತೀರಿಕೊಂಡಾಗ ಬೆಟ್ಟಮ್ಮ ಮೂರು ದಿನ ಉಂಡಿದ್ದಳು, ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ಮೇಲೆ ಅತ್ತೆ ಅವಳ ನಾಲಿಗೆಯ ಮೇಲೆ ಉಪ್ಪಿಟ್ಟು ಬದುಕಿರೋರ ಕಡೆಗೆ ಬಾ ಎಂದಿದ್ದಳು. ಮುತ್ತೈದೆಗೆ, ಬದುಕಿರುವವಳಿಗೆ, ಆ ಊಟವನ್ನು ತನ್ನ ಕೈಯಾರೆ ಬಡಿಸಿದರೆ ತಾನೇ ಸಾವನ್ನು ಕರೆದ ಹಾಗಲ್ಲವೇ, ಡಾಕ್ಟರಿಗೆ ಇದೆಲ್ಲ ಏನು ಗೊತ್ತು, ತಾಯಿ ಚಾಮುಂಡಿ, ನೀನು ಬಲ್ಲೆ — ಎರಡನೆಯ ದಿನ ಬೆರಳು ತಾವಾಗಿ ಉಪ್ಪಿನ ಮರಿಗೆಗೆ ಹೋದವು, ಹೆಬ್ಬೆರಳು, ತೋರುಬೆರಳು, ನಡುಬೆರಳು, ಮೂರು ಬೆರಳಿಗೆ ಸಿಕ್ಕಷ್ಟು. ಇವತ್ತು ಸಾರು ಚೆಂದಾಗೈತೆ ಅತ್ತೆಮ್ಮ. ಅಷ್ಟೇ ಅಂದಳು, ಮುಖ ನೋಡಿ ಅಂದಳು, ಗೊತ್ತಿತ್ತು ಅವಳಿಗೆ, ಗೊತ್ತಿದ್ದೂ ಉಂಡಳು, ಇಬ್ಬರೂ ಆ ಮಾತು ಎತ್ತಲಿಲ್ಲ. ಪ್ರತಿದಿನ ಮೂರು ಬೆರಳು, ಅವಳ ಬದುಕಿಗೆ ಅಂತ. ಪಾದದ ನೀರು ಮೊಣಕಾಲಿಗೆ ಬಂತು, ಹೊಟ್ಟೆಗೆ ಬಂತು, ಕಾರ್ತಿಕದಲ್ಲಿ ಗೋಡೆಗೆ ಒರಗಿ ಕೂತವಳು ಕೂತೇ ಇದ್ದಳು. ಉಪ್ಪಿನಿಂದಲೇ ಹೋದಳೋ, ಹೋಗುವವಳೇ ಆಗಿದ್ದಳೋ, ಯಾರನ್ನು ಕೇಳುವುದು, ಕೇಳಬೇಕಾದರೆ ಹೇಳಬೇಕು. ಅಗೋ ಬೀದಿಯ ಕೊನೆಗೆ ಬೆಟ್ಟ, ಅಲ್ಲಿರುವ ತಾಯಿಗೆ ಹೇಳಿಯಾಗಿದೆ, ತಾಯಿಗೆ ಹೇಳುವುದು ಸುಲಭ.

ಗಾಡಿಯ ಸದ್ದು, ಚೆಲುವ ಬಂದ, ಎತ್ತನ್ನು ನೆರಳಿಗೆ ಕಟ್ಟಿ ಕಾಲು ತೊಳೆದು ಜಗಲಿ ಹತ್ತಿದ, ಊಟದ ಹೊತ್ತು, ಹಾಗೇ ಕಳಿಸೋದಿಲ್ಲ ಕೂತ್ಕೊಳ್ಳಪ್ಪ ಎಂದು ಸುಂದರಮ್ಮ ಮೂರು ಎಲೆ ಹಾಕಿದಳು, ಒಳಗೆ ಕರೆಯಲಿಲ್ಲ, ಕರೆಯುವ ರೂಢಿಯೂ ಇಲ್ಲ, ಬೆಟ್ಟಮ್ಮ ಕರೆಯಲೆಂದು ಕಾದೂ ಇರಲಿಲ್ಲ. ನರ್ಸಮ್ಮನವರ ಮನೆಯಲ್ಲಿ ಮೊದಲು ಉಪ್ಪು ಬಡಿಸುತ್ತಾರೆ, ಎಲೆಯ ತುದಿಗೆ, ಮೂರು ಬೆರಳಲ್ಲಿ ತೆಗೆದು. ಮಗುವಿನ ಸೂಜಿ ವಿಷಯ ಏನ್ಮಾಡ್ದೆ ಚೆಲುವರಾಜು. ಬ್ಯಾಡಿ ಬುಡಿ ನರ್ಸಮ್ಮ, ನಿಮ್ಮ ಮೇಲೆ ಕ್ವಾಪ ಇಲ್ಲ, ಅವಳ್ಗೂ ನಿಮ್ಮ ಡಾಕ್ಟರು ಹೇಳ್ದಂಗೇ ಮಾಡ್ದೋ, ಉಪ್ಪು ಬುಡುಸ್ದೋ, ಒಂದು ಹರಳು ಬೀಳುಸ್ಲಿಲ್ಲ ನಮ್ಮವ್ವ, ಕೇಳಿ ಬೇಕಾದ್ರೆ — ಕೇಳಿ ಎಂದು ಅವನು ತಾಯಿಯ ಕಡೆ ತಿರುಗಿದ, ಆ ಮುಖದಲ್ಲಿ ಅನುಮಾನವೇ ಇಲ್ಲ, ಹುಟ್ಟಿದಂದಿನಿಂದ ನಂಬಿದ ಮುಖ, ಅದನ್ನು ಹಾಗೇ ಇಟ್ಟುಕೊಳ್ಳಬಹುದು, ಸುಮ್ಮನೆ ತಲೆ ಆಡಿಸಿದರೆ ಸಾಕು, ಮಗ ತನ್ನವನಾಗಿ ಉಳಿಯುತ್ತಾನೆ, ಅತ್ತ ಕಮಲ ಜಗಲಿಯ ಮೂರು ಮೆಟ್ಟಿಲು ಹತ್ತುತ್ತಿದ್ದಾಳೆ, ಎರಡು ಹತ್ತಿ ಕಂಬ ಹಿಡಿದಳು, ಏನ್ ಕೂಸೇ, ಸುಮ್ಕೆ ನಿಂತಿವ್ನಿ ಅಜ್ಜಿ. ಉಪ್ಪು ಬುಡುಸಿರ್ಲಿಲ್ಲ ಕಣಪ್ಪ, ಎಂದಿತು ಬೆಟ್ಟಮ್ಮನ ಬಾಯಿ, ತನ್ನದೇ ಬಾಯಿ, ದಿನಾ ಹಾಕ್ತಿದ್ದೆ, ನಾನೇ. ಎಷ್ಟು ಎಂದು ಯಾರೂ ಕೇಳದೆಯೇ ಮೂರು ಬೆರಳು ಕೂಡಿಸಿ ತೋರಿಸಿದಳು, ಕೂಡಿಸಿದ ಬೆರಳು ಮತ್ತೆ ಬಿಚ್ಚಲಿಲ್ಲ. ಚೆಲುವ ನೋಡಿದ, ಬೆರಳನ್ನು ನೋಡಿದ, ಮುಖವನ್ನು ನೋಡಲಿಲ್ಲ. ಅತ್ತ ತಿರುಗಿಕೊಂಡೇ, ಸೂಜಿಗೆ ಯಾವತ್ತು ಬರಬೇಕು ನರ್ಸಮ್ಮ. ಸೋಮವಾರ. ಆಗಲಿ. ಎದ್ದು ಹೋಗಿ ಎತ್ತಿನ ಪಕ್ಕ ನಿಂತ. ಅವನ ಎಲೆ, ಇನ್ನೂ ಅನ್ನ ಬಡಿಸದ ಎಲೆ, ಹಸಿರು, ನೀರು ಚಿಮುಕಿಸಿದ ಹನಿಗಳು, ತುದಿಯಲ್ಲಿ ಉಪ್ಪು, ಮೂರು ಬೆರಳಿನಷ್ಟು, ಒಂದು ಹನಿ ಅದರ ಕಡೆಗೆ ಹರಿಯುತ್ತಿದೆ, ಮುಟ್ಟಿತು, ಉಪ್ಪು, ಎಲೆಯ ತುದಿಯಲ್ಲಿ ಉಪ್ಪು