ಚಕ್ಕೋತಕ್ಕೆ ಒಂದೇ ಬೆಲೆ

ದೇವನಹಳ್ಳಿ ಚಕ್ಕೋತ ಅಂದರೆ ಸುಮ್ಮನೆ ಮಾತೇ? ಆದರೂ ಆ ವರ್ಷ ಸೊಣ್ಣಪ್ಪನ ತೋಟದ ಹಣ್ಣು ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು. ವಿದೇಶದವರನ್ನು ನಂದಿ ಬೆಟ್ಟಕ್ಕೆ ಕರೆದೊಯ್ಯುವ ಬಸ್ಸು ಅಲ್ಲಿ ನಿಲ್ಲುವುದನ್ನೇ ಬಿಟ್ಟಿತ್ತು. ಬಸ್ಸು ನಿಲ್ಲದಿದ್ದರೆ ಹಣ್ಣೆಲ್ಲ ದಲ್ಲಾಳಿ ಕೇಳಿದ ಬೆಲೆಗೇ ಹೋಗಬೇಕು.

"ಈ ದೊರೆಗಳಿಗೆ ಏನು ರೋಗ ಬಂತು?" ಎಂದು ಸೊಣ್ಣಪ್ಪ ಗೊಣಗುತ್ತಿದ್ದಾಗ ಗ್ರಾಮಸೇವಿಕೆ ಮುನಿರತ್ನಮ್ಮ ಬಂದರು.

"ರೋಗ ಅವರಿಗಲ್ಲ ಸೊಣ್ಣಪ್ಪನೋರೆ, ನಿಮ್ಮ ಬೆಲೆಗೆ. ಊರೋರಿಗೆ ಎಂಟಾಣೆ, ಅವರಿಗೆ ಐದು ರೂಪಾಯಿ! ಬಸ್ಸಿನ ಗೈಡೇ ಹೇಳಿದ್ರು."

"ನಾನು ಐದು ಅಂದ್ರೆ ಅವರು ಒಂದು ಅನ್ಬೇಕಮ್ಮಾ. ಚೌಕಾಸಿ ಬರ್ದಿದ್ರೆ ನಾನೇನ್ ಮಾಡ್ಲಿ? ವಿಮಾನದಲ್ಲಿ ಬರೋರಿಗೆ ಐದು ರೂಪಾಯಿ ಯಾವ ಲೆಕ್ಕ?"

ಮುನಿರತ್ನಮ್ಮ ನಕ್ಕರು. "ನಂದಿ ಬೆಟ್ಟ ನಿಮ್ಮ ತಾತನ ಕಾಲದಲ್ಲೂ ಇತ್ತಲ್ಲ, ಆಗ್ಯಾಕೆ ಇಷ್ಟು ಜನ ಬರ್ಲಿಲ್ಲ? ಈಗ ಅವರ ದೇಶದಲ್ಲಿ ಸಂಬಳ ಏರಿದೆ. ದೊಡ್ಡ ವಿಮಾನ ಬಂದು ಪ್ರಯಾಣ ಅಗ್ಗ ಆಗಿದೆ. ಅರವತ್ತಾರರಲ್ಲಿ ನಮ್ಮ ರೂಪಾಯಿ ಬೆಲೆ ಇಳಿಸಿದ್ರಲ್ಲ, ಅವರ ಡಾಲರಿಗೆ ಮುಂಚಿಗಿಂತ ಹೆಚ್ಚು ರೂಪಾಯಿ ಸಿಗ್ತದೆ. ದುಡಿದು ಕೂಡಿಟ್ಟೋರೂ ಬರ್ತಾರೆ. ಇಲ್ಲಿ ದುಬಾರಿ ಆದ್ರೆ ಸಿಲೋನಿಗೆ ಹೋಗ್ತಾರೆ."

"ಹೋಗ್ಲಿ ಬಿಡಿ! ನಂದಿ ಬೆಟ್ಟ ಅಲ್ಲಿದ್ಯಾ?"

ಹೆಂಡತಿ ಪಾಪಮ್ಮನಿಗೆ ತಡೆಯಲಾಗಲಿಲ್ಲ. "ಅಲ್ಲಾ ಕಣ್ರೀ, ನಮ್ಮೂರ ಸಂತೆ ಬಿಟ್ಟು, ಮೆಣಸಿನಕಾಯಿ ಅಗ್ಗ ಅಂತ ಪಕ್ಕದ ವಿಜಯಪುರದ ಸಂತೆಗೆ ಸೈಕಲ್ ತುಳಿಯೋರು ಯಾರು? ನಿಮಗಿರೋ ಬುದ್ಧಿ ಅವರಿಗಿರಬಾರ್ದಾ?"

ಪಾಪಮ್ಮ ಬಿಡುವವಳಲ್ಲ, ಆಗಲೇ ಹಲಗೆ ತಂದು ಸುಣ್ಣದಲ್ಲಿ ದೊಡ್ಡದಾಗಿ 'ಹಣ್ಣು ಒಂದಕ್ಕೆ 50 ಪೈಸೆ' ಎಂದು ಬರೆಸಿದಳು. ಒಮ್ಮೆ ನಿಲ್ಲಿಸಿ ನೋಡಿ ಎಂದು ಮುನಿರತ್ನಮ್ಮ ಗೈಡಿಗೆ ಹೇಳಿ ಕಳಿಸಿದರು.

ಭಾನುವಾರ ಬಸ್ಸು ನಿಂತಿತು! ಮೊದಲು ಇಳಿದ ಹೆಂಗಸು ಹಣ್ಣೊಂದನ್ನು ಎತ್ತಿಕೊಂಡು, ಮಾತಾಡದೆ ಐದರ ನೋಟು ಚಾಚಿದಳು. ಸೊಣ್ಣಪ್ಪನ ಕೈ ಮುಂದೆ ಹೋಯಿತು, ಸುಳ್ಳೇಕೆ? ಆದರೆ ಅವನು ಹಲಗೆ ತೋರಿಸಿ, ಮಿಕ್ಕ ಚಿಲ್ಲರೆಯನ್ನೆಲ್ಲ ಅವಳ ಅಂಗೈಗೆ ಸುರಿದ. ಅವಳು ಚಿಲ್ಲರೆ ನೋಡಿದಳು, ಅವನ ಮುಖ ನೋಡಿದಳು, ಬಸ್ಸಿನತ್ತ ತಿರುಗಿ ಜೋರಾಗಿ ಕೂಗಿದಳು. ಬಸ್ಸಿಗೆ ಬಸ್ಸೇ ಇಳಿದು ಬಂತು. ರಾಶಿ ಕರಗಿತು. ಗೈಡು ಹೊರಡುವಾಗ, "ಇನ್ಮೇಲೆ ನಮ್ಮ ಕಂಪ್ನಿಯ ಎರಡು ಬಸ್ಸೂ ಇಲ್ಲೇ ನಿಲ್ಸ್ತೀವಿ" ಎಂದ.

"ಲೇ ಪಾಪಮ್ಮಾ, ದಲ್ಲಾಳಿ ಬಂದ್ರೆ ಹಣ್ಣಿಲ್ಲ ಅನ್ನು ಕಣೇ!" ಎಂದು ಸೊಣ್ಣಪ್ಪ ಟವೆಲ್ ಬೀಸಿ ಕುಣಿದೇಬಿಟ್ಟ.

ಅಣ್ಣಂದಿರೇ, ಅಕ್ಕಂದಿರೇ, ಅತಿಆಸೆ ಗತಿಗೇಡು. ದೂರದವರು ದುಡಿದ ದುಡ್ಡು ಕೂಡಿಟ್ಟು, ನಾಲ್ಕು ದೇಶದ ಬೆಲೆ ವಿಚಾರಿಸಿ ನಮ್ಮೂರಿಗೆ ಬರುತ್ತಾರೆ. ಊರವರಿಗೆ ಹೇಳುವ ಬೆಲೆಯನ್ನೇ ಅವರಿಗೂ ಹೇಳಿ. ಇವತ್ತೇ ಹಲಗೆ ಬರೆಸಿ, ಎಲ್ಲರ ಕಣ್ಣಿಗೆ ಬೀಳುವಂತೆ ತೂಗುಹಾಕಿ.