ಹಸಿರು ಕಾರ್ಖಾನೆಯ ಕಿಟಕಿ

ಬೆಸುಗೆಯಕ್ಕ ಕೆಲಸ ಮಾಡುವ ಶೆಡ್ಡಿಗೆ ಕಿಟಕಿ ಇರಲಿಲ್ಲ.

ನಾಲ್ಕೂ ಕಡೆ ತಗಡು, ತಲೆಯ ಮೇಲೂ ತಗಡು. ಒಳಗೆ ಹನ್ನೆರಡು ಹೆಂಗಸರು ಸಾಲಾಗಿ ಕೂತು ಸೌರದೀಪ ಮಾಡುತ್ತಿದ್ದರು. ದೀಪದ ತಂತಿಗೆ ಬೆಸುಗೆ ಹಾಕುವುದು ಅವಳ ಕೆಲಸ. ಕೊನೆಗೆ ಅದೇ ಹೆಸರೂ ಆಯಿತು. ಹೊಗೆ ಹೊರಹೋಗಲು ದಾರಿಯಿಲ್ಲದೆ ಅವಳ ಎದೆಗೇ ನುಗ್ಗುತ್ತಿತ್ತು. ಮನೆಯಲ್ಲಿ ಅವಳು ಕೆಮ್ಮಿದರೆ, ಯಾರೋ ಬಾಗಿಲು ಬಡಿದರೆಂದು ಪಕ್ಕದ ಮನೆಯವರು "ಬಂದೆ, ಬಂದೆ" ಎನ್ನುತ್ತಿದ್ದರು.

ಶೆಡ್ಡಿನಲ್ಲಿ ಒಂದೇ ಒಂದು ಫ್ಯಾನಿತ್ತು. ಅದನ್ನೂ ಯಜಮಾನರು ಬಿಚ್ಚಿಸಿದರು.

"ಈ ಸಲ ಹಸಿರು ಕಾರ್ಖಾನೆ ಪ್ರಶಸ್ತಿ ನಮಗೇ ಬರ್ಬೇಕು. ಕರೆಂಟು ಉಳಿಸ್ಬೇಕಮ್ಮಾ. ಭೂಮಿ ಬಿಸಿಯಾಗ್ತಿದೆ."

"ನಾವೂ ಆಗ್ತಿದ್ದೀವಿ ಯಜಮಾನ್ರೇ," ಅಂದಳು ಸ್ಕ್ರೂ ಚಿಕ್ಕಮ್ಮ. ದೀಪಕ್ಕೆ ಸ್ಕ್ರೂ ಬಿಗಿಯುವವಳು. ಅವಳ ಬಾಯಿಗೆ ಮಾತ್ರ ಯಾರೂ ಬಿಗಿದಿರಲಿಲ್ಲ.

"ಫ್ಯಾನ್ ಹೋಗ್ಲಿ, ಒಂದು ಕಿಟಕಿನಾದ್ರೂ ಮಾಡ್ಸಿಕೊಡಿ," ಎಂದಳು ಬೆಸುಗೆಯಕ್ಕ.

"ತಗಡು ಕತ್ತರಿಸಿದ್ರೆ ಕಸ ಆಗುತ್ತೆ. ಕಸ ಮಾಡೋದು ಪರಿಸರಕ್ಕೆ ದ್ರೋಹ."

ಹಿತ್ತಲಲ್ಲಿ ಕೆಟ್ಟ ಬ್ಯಾಟರಿಗಳ ಗುಡ್ಡೆಯೇ ಇತ್ತು. ಅದಕ್ಕೆ ಹಸಿರು ಟಾರ್ಪಾಲು ಹೊದಿಸಿದ್ದರು. ದೂರದಿಂದ ಬೆಟ್ಟದ ಮರಿಯಂತೆ ಕಾಣುತ್ತಿತ್ತು.

ಇನ್ನೊಂದು ಸಂಗತಿ. ಒಳಗೆ ಬಿಸಿಲು ಬರುವುದಿಲ್ಲವಲ್ಲ, ದೀಪ ಚಾರ್ಜ್ ಆಗುತ್ತದೋ ಇಲ್ಲವೋ ನೋಡಲು ಅದನ್ನು ದೊಡ್ಡ ಬಲ್ಬುಗಳ ಕೆಳಗೆ ಇಡುತ್ತಿದ್ದರು. ಬಲ್ಬಿಗೆ ಕರೆಂಟು ಮೂಲೆಯ ಡೀಸೆಲ್ ಜನರೇಟರಿನಿಂದ. ಡೀಸೆಲ್ ಸುಟ್ಟು ಸೂರ್ಯನನ್ನು ಹುಟ್ಟಿಸುವ ಈ ಪದ್ಧತಿ ಮೊದಲಿನಿಂದಲೂ ನಡೆದು ಬಂದಿತ್ತು. ಯಾರಿಗೂ ನಗು ಬರುತ್ತಿರಲಿಲ್ಲ.

ಪ್ರಶಸ್ತಿಯ ಮೇಡಮ್ ಬಂದ ದಿನ ಯಜಮಾನರು ಜನರೇಟರ್ ನಿಲ್ಲಿಸಿ ಅದರ ಮೇಲೊಂದು ಹೂಕುಂಡ ಇಟ್ಟರು. ಆಫೀಸಿನ ಬಾಗಿಲಿಂದ ಬಂದ ಮಂಕು ಬೆಳಕಿನಲ್ಲಿ ಮೇಡಮ್ ಒಂದು ದೀಪ ಎತ್ತಿಕೊಂಡರು.

"ಚಾರ್ಜ್ ಆಗೋದು ತೋರಿಸ್ತೀರಾ?"

ಚಾರ್ಜ್ ಆಗುವಾಗ ಹತ್ತಬೇಕಾದ ಕೆಂಪು ಚುಕ್ಕೆ ಹತ್ತಲಿಲ್ಲ.

"ಹೊರಗೆ ಬಿಸಿಲಿಗೆ ಹೋಗೋಣ ಬನ್ನಿ," ಎಂದು ಮೇಡಮ್ ಹಿತ್ತಲ ಬಾಗಿಲ ಚಿಲಕಕ್ಕೆ ಕೈ ಹಾಕಿದರು. ಯಜಮಾನರು ಓಡಿ ಬಾಗಿಲಿಗೆ ಅಡ್ಡ ನಿಂತರು.

"ಬೇಡ ಮೇಡಮ್! ಅಲ್ಲಿ... ಹುಲ್ಲು ಚಿಗುರ್ತಿದೆ. ತುಳೀಬಾರ್ದು!"

ಆಮೇಲೆ ಬೆಸುಗೆಯಕ್ಕನ ಕಿವಿಯ ಹತ್ತಿರ ಬಗ್ಗಿ, "ಏನಾದ್ರೂ ಮಾಡು ತಾಯಿ, ನಿನ್ನ ಕಾಲು ಹಿಡೀತೀನಿ," ಎಂದರು.

"ಏನ್ ಬೇಕಾದ್ರೂ ಮಾಡ್ಲಾ?"

"ಮಾಡು, ಮಾಡು!"

ಅಕ್ಕ ಸ್ಟೂಲ್ ಹತ್ತಿದಳು. ಗೋಡೆಯಲ್ಲಿ ತುಕ್ಕು ತಿಂದ ತೂತಿಗೆ ತಗಡು ಕತ್ತರಿ ತೂರಿಸಿ ಕರಕರ ಕತ್ತರಿಸಿದಳು. ಒಂದು ತುಂಡು ಆಕಾಶ ಕಂಡಿತು. ಮೇಜಿನ ಮೇಲೆ ಬಿಸಿಲು ಬಿತ್ತು, ಕೆಂಪು ಚುಕ್ಕೆ ಹತ್ತಿತು. ಗಾಳಿಯೂ ಬಂತು. ಹನ್ನೆರಡೂ ಹೆಂಗಸರು ಒಟ್ಟಿಗೆ ಎಷ್ಟು ಜೋರಾಗಿ ಉಸಿರೆಳೆದರೆಂದರೆ ಮೇಡಮ್ ಅವರ ಕೈಯ ಕಾಗದ ಪಟಪಟ ಅಂದಿತು.

"ಇದೇನಿದು?"

"ಕಿಟಕಿ," ಅಂದಳು ಅಕ್ಕ.

ಯಜಮಾನರು ನಡುವೆ ತೂರಿದರು. "ನಮ್ಮ ಹೊಸ ವಿನ್ಯಾಸ ಮೇಡಮ್! ಬೆಳಕೂ ಕೊಡುತ್ತೆ, ಗಾಳಿನೂ ಕೊಡುತ್ತೆ. ಬ್ಯಾಟರಿ ಬೇಡ, ವೈರು ಬೇಡ. ಹತ್ತು ವರ್ಷದ ಸಂಶೋಧನೆ!"

"ರಾತ್ರಿ ಹೊತ್ತು?"

"ತಾನಾಗೇ ಆಫ್ ಆಗುತ್ತೆ."

ಮೇಡಮ್ ಬರೆದುಕೊಂಡರು.

ಪ್ರಶಸ್ತಿ ಬಂತು. ಅರ್ಧ ಬಾಗಿಲಿನಷ್ಟು ದೊಡ್ಡ ಹಿತ್ತಾಳೆ ಫಲಕ. 'ಬೆಳಕು ಮತ್ತು ಗಾಳಿಯ ಸುಸ್ಥಿರ ವಿನ್ಯಾಸಕ್ಕಾಗಿ' ಎಂದು ಕೆತ್ತಿತ್ತು.

"ಗೆದ್ದ ಜಾಗದಲ್ಲೇ ಹಾಕ್ಬೇಕು," ಎಂದು ಯಜಮಾನರು ಕಿಟಕಿ ತೋರಿಸಿದರು.

"ಕಿಟಕಿ ಮುಚ್ಚಿಹೋಗುತ್ತಲ್ಲ ಯಜಮಾನ್ರೇ!" ಅಂದಳು ಸ್ಕ್ರೂ ಚಿಕ್ಕಮ್ಮ.

"ಮುಚ್ಚಿದ್ರೇನೀಗ? ಬೆಳಕು, ಗಾಳಿ ಎರಡೂ ಇದೆ ಅಂತ ಮೇಲೇ ಬರೆದಿದೆಯಲ್ಲ, ಓದ್ಕೊಳಿ!"

ಚಿಕ್ಕಮ್ಮನ ಕೈಯಿಂದಲೇ ಬಿಗಿಸಿದರು. ಹೂಕುಂಡ ಇಳಿಸಿ ಜನರೇಟರ್ ಶುರು ಮಾಡಿಸಿದರು. ಸಂಜೆಯ ಹೊತ್ತಿಗೆ ಅಕ್ಕ ಕೆಮ್ಮಿದಳು. ಪಕ್ಕದವಳು ಕೆಮ್ಮಿದಳು. ಕೆಮ್ಮು ಸಾಲಿನ ಕೊನೆವರೆಗೆ ಹೋಗಿ ವಾಪಸ್ಸು ಬಂತು.

ಅಕ್ಕ ಬೆಸುಗೆ ಕಡ್ಡಿ ಕೆಳಗಿಟ್ಟಳು. "ಚಿಕ್ಕಮ್ಮಾ, ಆ ಸ್ಕ್ರೂ ತುಂಬ ಬಿಗೀನಾ?"

"ನಾನು ಹಾಕಿದ್ದು ಕಣೇ. ನನ್ನ ಮಾತು ಕೇಳ್ತವೆ."

ಹನ್ನೆರಡೂ ಜನ ಎದ್ದರು. ಫಲಕ ಕೆಳಗಿಳಿಯಿತು. ಬಿಚ್ಚಲು ಹೊರಟ ಕೈ ಅಲ್ಲಿಗೇ ನಿಲ್ಲಲಿಲ್ಲ. ಹಿತ್ತಲ ಕಡೆಯ ಗೋಡೆಗೆ ಗೋಡೆಯೇ ಬಿಚ್ಚಿಹೋಯಿತು. ಇಳಿಬಿಸಿಲು ಕಣ್ಣಿಗೆ ಹೊಡೆಯಿತೆಂದು ಗುಡ್ಡೆಯ ಮೇಲಿನ ಟಾರ್ಪಾಲು ಎಳೆದು ನೆರಳು ಕಟ್ಟಿಕೊಂಡರು. ರಸ್ತೆಯಲ್ಲಿ ಹೋಗುವವರೆಲ್ಲ ಬ್ಯಾಟರಿ ಗುಡ್ಡೆ ನೋಡುತ್ತ ಮೂಗು ಮುಚ್ಚಿ ನಿಂತರು.

ಯಜಮಾನರು ಎದ್ದೆನೋ ಬಿದ್ದೆನೋ ಎಂದು ಓಡಿಬಂದರು. "ಯಾರು ಮಾಡಿದ್ದಿದು?"

"ನಾವೆಲ್ಲ. ಹತ್ತು ವರ್ಷದ ಸಂಶೋಧನೆ ಯಜಮಾನ್ರೇ," ಅಂದಳು ಬೆಸುಗೆಯಕ್ಕ.

"ಹೊರಗೆ ನಡೀರಿ! ಎಲ್ಲರೂ!"

ಬಾಗಿಲು ಹುಡುಕುವ ಕಷ್ಟವಿರಲಿಲ್ಲ. ಗೋಡೆಯಿಲ್ಲದ ಕಡೆಯಿಂದಲೇ ಸಾಲಾಗಿ ನಡೆದರು.

ಹೋದದ್ದು ಇಷ್ಟು: ತಗಡು ಒಂಬತ್ತು, ಫಲಕ ಒಂದು, ಕೆಲಸ ಹನ್ನೆರಡು.