ದನೂತಾಳ ಗುಂಡಿಯಲ್ಲಿ ಮೊದಲೇ ಇದ್ದವರು

"ಸನಿಕೆ ನಿಲ್ಲಿಸಪ್ಪಾ, ನಿಲ್ಲಿಸು!" ಎಂದು ಲುತ್ಸಿಯಾನ್ ಕೂಗಿದಾಗ ಸ್ಮಶಾನದಲ್ಲಿ ಗುಂಡಿ ತೋಡುವ ಫ್ರಾನೆಕ್ ಕೈ ತಡೆದ. ರಾತ್ರಿಯ ಮಳೆಗೆ ಗುಂಡಿಯ ಒಂದು ಬದಿ ಕುಸಿದಿತ್ತು. ಆ ಮಣ್ಣು ತೆಗೆಯಲು ಅವನು ಮತ್ತೆ ಇಳಿದಿದ್ದ. ಮೇಲೆ ತಳ್ಳುಗಾಡಿಯಲ್ಲಿ ದನೂತಾಳ ಶವಪೆಟ್ಟಿಗೆ ಕಾಯುತ್ತಿತ್ತು. ಕುಸಿದ ಕಡೆಯಿಂದ ಪುಟ್ಟ ತಲೆಬುರುಡೆಯೊಂದು ಇಣುಕುತ್ತಿತ್ತು.

"ಇದೇನು ಹೊಸದಾ ಸಾರ್?" ಎಂದ ಫ್ರಾನೆಕ್. "ಈ ದಿಬ್ಬದಲ್ಲಿ ಎಲ್ಲಿ ಅಗೆದ್ರೂ ಯಾರಾದ್ರೂ ಇದ್ದೇ ಇರ್ತಾರೆ. ಇನ್ನೊಂದು ಮೊಳ ತೋಡಿ ಇದನ್ನ ಕೆಳಗೆ ಮಲಗಿಸ್ತೀನಿ, ಮೇಲೆ ಅಮ್ಮಾವ್ರನ್ನ ಇಳಿಸೋಣ. ನಮ್ಮಪ್ಪನೂ ಹಂಗೇ ಮಾಡ್ತಿದ್ದ."

ಲುತ್ಸಿಯಾನ್, ಹಳೆಯ ಎಲುಬುಗಳನ್ನು ಅಗೆದು ಅಭ್ಯಸಿಸುತ್ತಿದ್ದ ದನೂತಾಳ ಶಿಷ್ಯ. ಅವಳು ನಿವೃತ್ತಳಾದ ಮೇಲೆ ವಸ್ತುಸಂಗ್ರಹಾಲಯದಲ್ಲಿ ಅವಳ ಕುರ್ಚಿಯಲ್ಲಿ ಕೂತವನು. ಬುರುಡೆಯ ಕಿವಿಯ ಬಳಿ ಬಳೆಯಂಥ ತಾಮ್ರದ ಓಲೆ ಬಿಟ್ಟ ಹಸಿರು ಕಲೆ ಅವನಿಗೆ ಕಂಡಿತ್ತು. ಅಂಥ ಓಲೆ ತೊಟ್ಟವರು ಸತ್ತು ಸಾವಿರ ವರ್ಷವಾಗಿದೆ. ಅಂಥವರು ಸಿಕ್ಕರೆ ಅಗೆತ ನಿಲ್ಲಿಸಬೇಕೆಂದು ಕಾನೂನು. ನಿಲ್ಲಿಸಿದರೆ ಇವತ್ತು ದನೂತಾಳನ್ನು ಮಣ್ಣು ಮಾಡುವಂತಿಲ್ಲ.

ಅವನು ಅವಳ ಗಂಡ ಝೆನೋನನ ಮುಖ ನೋಡಿದ. ಹಾಸಿಗೆ ಹಿಡಿದ ಹೆಂಡತಿಯನ್ನು ವರ್ಷಗಟ್ಟಲೆ ನೋಡಿಕೊಂಡ ಮುದುಕ ನಿಂತಲ್ಲೇ ತೂಗಾಡುತ್ತಿದ್ದ. ಇವತ್ತಿಗೆ ಮುಗಿದರೆ ಸಾಕು, ಮನೆಗೆ ಹೋಗಿ ಮಲಗಿದರೆ ಸಾಕು ಎನ್ನಿಸಿತ್ತು ಆ ಮುದುಕನಿಗೆ.

"ನನಗೇನೂ ಕಾಣಿಸ್ಲಿಲ್ಲ ಝೆನೋನ್ ಅವ್ರೇ," ಎಂದ ಲುತ್ಸಿಯಾನ್ ಮೆಲ್ಲಗೆ. "ಮುಗಿಸ್ಬಿಡೋಣ."

"ಮುಗಿಸಪ್ಪಾ, ಪುಣ್ಯ ಬರತ್ತೆ," ಎಂದಳು ಝೆನೋನನ ತಂಗಿ ಯದ್ವಿಗಾ. "ಬದುಕಿದ್ದಾಗ್ಲೂ ಈ ಎಲುಬುಗಳದ್ದೇ ಕಾಟ. ನನ್ನ ಮದುವೆಗೆ ಊಟ ಎಲ್ಲಾ ಆದ್ಮೇಲೆ ಬಂದ್ಲು ಅತ್ತಿಗೆ ಮಹಾರಾಯ್ತಿ, ಉಗುರಲ್ಲಿ ಮಣ್ಣು!"

ಕೆಲವರು ನಕ್ಕರು. ಝೆನೋನನಿಗೂ ನಗು ಬರುವುದರಲ್ಲಿತ್ತು.

*

ಬಹಳ ಹಿಂದೆ, ವಾರ್ತಾ ನದಿಯ ಆಚೆ ಹಳೆಯ ಗೋರಿಗಳ ಮೇಲೆ ಹೆದ್ದಾರಿ ಬರುತ್ತಿದ್ದ ವರ್ಷ ಅದು. ತಾವಿಬ್ಬರೂ ಮದುವೆಯಾದ ದಿನವೆಂದು ಝೆನೋನ್ ಮಾಡಿಟ್ಟ ಕೋಳಿ ಸಾರು ಬಿಸಿ ಮಾಡಿದಷ್ಟೂ ಆರುತ್ತಿತ್ತು. ಕತ್ತಲಾದ ಮೇಲೆ ಬಂದವಳ ಮೇಲೆ ರೇಗಿದ.

"ನಾನೋ ಅವರೋ, ಒಂದು ಹೇಳಿಬಿಡು."

"ನೀನು ನಾಳೇನೂ ಇರ್ತೀಯ," ಎಂದಳು ದನೂತಾ, ಬೂಟು ಬಿಚ್ಚುತ್ತ. "ಅವರ ಮೇಲೆ ಸೋಮವಾರ ಡಾಂಬರು ಬೀಳತ್ತೆ."

ಅಷ್ಟು ಹೇಳಿ ಕುರ್ಚಿಯಲ್ಲೇ ನಿದ್ದೆ ಹೋದಳು. ಅವನು ಬಟ್ಟೆ ಒದ್ದೆ ಮಾಡಿ ಅವಳ ಕೈಯ ಮಣ್ಣು ಒರೆಸಿದ, ಸಿಟ್ಟಿನಲ್ಲೇ. ಅವಳೇನೂ ದೊಡ್ಡ ಹೆಸರು ಮಾಡಲಿಲ್ಲ. ಎಲುಬು ತೊಳೆದಳು, ಅಳೆದಳು, ಇವನ ವಯಸ್ಸೆಷ್ಟು, ಇವಳಿಗೆ ಯಾವ ಕಾಯಿಲೆ ಎಂದು ಹುಡುಕಿದಳು, ಅಷ್ಟೇ.

*

ಪಾದ್ರಿಗಳು ಕೆಮ್ಮಿದರು. ಫ್ರಾನೆಕ್ ಸನಿಕೆ ಎತ್ತಿದ.

"ನಿಲ್ಲು ಮಾರಾಯ," ಎಂದ ಝೆನೋನ್. "ಪೆಟ್ಟಿಗೇನ ವಾಪಸ್ ಒಯ್ಯಿರಿ."

"ಅಣ್ಣಾ, ನಿನಗೆ ತಲೆ ಕೆಟ್ಟಿದ್ಯಾ?" ಯದ್ವಿಗಾ ಅವನ ತೋಳು ಹಿಡಿದಳು. "ಹೆಣ ಎಲ್ಲಾದ್ರೂ ಹಿಂದಕ್ಕೆ ಹೋಗತ್ತಾ? ಅಲ್ಲಿ ಊಟ ಬೇರೆ ಕಾದಿದೆ."

"ಹೋಗಿ ಉಣ್ಣಿ." ಅವನಿಗೆ ಮಾತೂ ಭಾರವಾಗಿತ್ತು. "ಈ ಮಗೂನ ಕೆಳಗೆ ಹಾಕಿ ಮೇಲೆ ಮಲಗಿಸಿದ್ರೆ ಅವಳು ಮಲಗ್ತಾಳಾ? ಎದ್ದು ಕೂತು ವಯಸ್ಸೆಷ್ಟೂಂತ ಅದರ ಹಲ್ಲು ನೋಡ್ತಾಳೆ. ಸತ್ತ ಮೇಲಾದ್ರೂ ಅವಳಿಗೆ ರಜೆ ಬೇಡ್ವಾ?"

ತಳ್ಳುಗಾಡಿ ಪ್ರಾರ್ಥನಾ ಮಂದಿರದತ್ತ ತಿರುಗಿತು. ಲುತ್ಸಿಯಾನ್ ಪುರಾತತ್ವ ಕಚೇರಿಗೆ ಫೋನ್ ಮಾಡಿ, ಟೈ ಬಿಚ್ಚಿ ಜೇಬಿಗೆ ತುರುಕಿ ಗುಂಡಿಗಿಳಿದ. ಮತ್ತೆ ಹನಿ ಶುರುವಾಯಿತು.

ಗೇಟಿನ ಹತ್ತಿರ ಯದ್ವಿಗಾ ಹಿಂತಿರುಗಿ ನೋಡಿದಳು. ಅಣ್ಣ ಬರೀ ಅಂಗಿಯಲ್ಲಿ ನೆನೆಯುತ್ತ ಕೆಸರಿನಲ್ಲಿ ಮಂಡಿಯೂರಿದ್ದ. ಕಪ್ಪು ಕೋಟನ್ನು ಎರಡೂ ಕೈಯಲ್ಲಿ ಅಗಲಿಸಿ, ಆ ಮಗುವಿನ ಮೇಲೆ ಹನಿ ಬೀಳದಂತೆ ಗುಂಡಿಯ ಮೇಲೆ ಹಿಡಿದಿದ್ದ. ಕೋಟು ಇಳಿಯುತ್ತಿರಲಿಲ್ಲ.